ಕರಿಬಂಡೆ ಗುಡ್ಡದ ಸೂರ್ಯೋದಯ

ಕಲ್ಲು ನನ್ನ ಕಿವಿಯ ಪಕ್ಕದಲ್ಲೇ ಹಾದು ಬಂಡೆಗೆ ಬಡಿಯಿತು.

ಕೆಳಗಿನಿಂದ ಕ್ವಾರಿಯ ರುದ್ರೇಶ ಹತ್ತಿ ಬರುತ್ತಿದ್ದ. ಹಿಂದೆ ಇಬ್ಬರು. ಮೂವರ ಕೈಯಲ್ಲೂ ಕಬ್ಬಿಣದ ಹಾರೆ...

"ಓಡ್ರಿ!" ಎಂದೆ.

"ಟ್ರೈಪಾಡ್ ಮಡಚಾಕತ್ತೀನ್ರಿ. ಒಂದ್ ನಿಮಿಷ."

ಇವನೇ ಶರಣಕುಮಾರ, ನಾನು ಕರೆತಂದ ಫೋಟೋಗ್ರಾಫರ್. ಕಾರಟಗಿಯಲ್ಲಿ ರೈಸ್ ಮಿಲ್ ಇದೆ, ಕೊರಳಲ್ಲಿ ಕ್ಯಾಮೆರಾ ಇದೆ. ತಲೆ ಮಾತ್ರ ಎಲ್ಲೋ ಇಟ್ಟು ಮರೆತಿದ್ದಾನೆ.

ವಿಷಯ ಇಷ್ಟೇ. ಕರಿಬಂಡೆ ಗುಡ್ಡವನ್ನು ಗ್ರಾನೈಟ್ ಕ್ವಾರಿಗೆ ಕೊಡಬೇಕೋ ಬೇಡವೋ ಎಂದು ಇವತ್ತು ಹನ್ನೊಂದಕ್ಕೆ ಗಂಗಾವತಿಯಲ್ಲಿ ಕೊನೆಯ ಹಿಯರಿಂಗ್. ಕ್ವಾರಿಯವರ ರಿಪೋರ್ಟಿನ ಪ್ರಕಾರ ಇಲ್ಲಿ ಮೊಲವೂ ಇಲ್ಲ. ಆದರೆ ಬುಡದಲ್ಲಿ ಕುರಿ ಹಟ್ಟಿ ಹಾಕಿರುವ ಮಾರೆವ್ವ ಇಲ್ಲಿ ಚಿರತೆಯನ್ನೂ ಅದರ ಎರಡು ಮರಿಗಳನ್ನೂ ನೋಡಿದ್ದಾಳೆ. ಗುಡ್ಡ ಹೋದರೆ ಅವಳ ಹಟ್ಟಿಯೂ ಹೋದಂತೆ. ಊರವರಿಗೆ ಅರ್ಜಿ ಬರೆದುಕೊಡುವ ನನ್ನನ್ನು ಅವಳೇ ಹುಡುಕಿಕೊಂಡು ಬಂದಳು.

"ಚಿರತಿ ವರ್ಷಕ್ಕ ನಾಕು ಕುರಿ ತಿಂತೈತ್ರಿ. ತಿನ್ಲಿ. ಇವ್ರು ಗುಡ್ಡಾನ ತಿಂತಾರ."

ಕ್ವಾರಿ ನಿಲ್ಲಿಸಲು ಚಿರತೆಯ ಒಂದೇ ಒಂದು ಫೋಟೋ ಸಾಕಿತ್ತು. ಮೂರು ದಿನ ಕಾದೆವು. ಇವತ್ತು ಬೆಳಕು ಹರಿಯುವ ಮೊದಲೇ ಬಂತು... ತಾಯಿ, ಹಿಂದೆ ಎರಡು ಮರಿ. ಕ್ಯಾಮೆರಾ ಟಕಟಕ ಎಂದಿತು. ನನಗೆ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಸೂರ್ಯ ಹುಟ್ಟಿದ ಬೆನ್ನಲ್ಲೇ ರುದ್ರೇಶನೂ ಹಾಜರ್.

"ಕ್ಯಾಮೆರಾ ಕೊಟ್ಟು ಸುಮ್ನ ಹೋಗ್ರಿ," ಎಂದ.

"ಮ್ಯಾಲ ಬಂದು ತಗೋ," ಎಂದೆ.

ಬಂದ. ಹಾರೆ ಬೀಸಿದ. ಎಡಗೈ ಅಡ್ಡ ಕೊಟ್ಟೆ. ಮೂಳೆ ಲಟಕ್ ಎಂದಿತು! ಬಲಗೈಯಲ್ಲಿ ಟ್ರೈಪಾಡ್ ಕಿತ್ತುಕೊಂಡು ಅವನ ಮೊಣಕಾಲಿಗೆ ಬಿಟ್ಟೆ. ಹಿಂದಿದ್ದ ಇಬ್ಬರನ್ನೂ ಕೆಡವಿಕೊಂಡು ಉರುಳಿದ.

"ಅದು ಕಾರ್ಬನ್ ಫೈಬರ್ ಐತ್ರಿ, ಭಾಳ ತುಟ್ಟೀದು," ಎಂದು ಶರಣಕುಮಾರ ಗೊಣಗಿದ.

ಅವನ ಕಾಲರ್ ಹಿಡಿದು ಇನ್ನೊಂದು ಮಗ್ಗುಲಿಂದ ಇಳಿಸಿದೆ. ಜಾರಿದೆವು, ಎದ್ದೆವು, ಓಡಿದೆವು. ಮೂರು ತಾಸು ಅಡ್ಡದಾರಿ ನಡೆದ ಮೇಲೆ ಕಾಲುವೆ ಏರಿಯಲ್ಲಿ ಒಂದು ಆಟೋ ಸಿಕ್ಕಿತು.

ಗಂಗಾವತಿಯ ಆಫೀಸು ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಮಾರೆವ್ವ ಬಾಗಿಲಲ್ಲೇ ನಿಂತಿದ್ದಳು. ಅಧಿಕಾರಿ ಕ್ಯಾಮೆರಾ ಇಸಿದುಕೊಂಡು ಒಂದೊಂದೇ ನೋಡಿದರು.

"ಚಿರತಿ ಎಲ್ಲೈತ್ರಿ?"

"ಅವು ಬ್ಲರ್ ಬಂದಿದ್ವು ಸರ್," ಎಂದ ಶರಣಕುಮಾರ. "ಕಣ್ಣು ಶಾರ್ಪ್ ಇರ್ಲಿಲ್ಲ. ಕಾರ್ಡ್ ತುಂಬಿತ್ತು, ಸೂರ್ಯೋದಯಕ್ಕ ಜಾಗಾ ಬೇಕಾತು. ಡಿಲೀಟ್ ಮಾಡಿ ಅದರ ಮ್ಯಾಲ ಹೊಡದೆ."

"ಯಾವಾಗ?" ಎಂದೆ.

"ಅವ್ರು ಬರೂಕಿಂತ ಮೊದ್ಲ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ನಾನು ಕೈ ಮುರಿಸಿಕೊಂಡಿದ್ದೆ! ಅವನ ಕತ್ತು ಹಿಸುಕಬೇಕು ಅನಿಸಿತು. ಅದಕ್ಕೂ ಎರಡು ಕೈ ಬೇಕು.

"ನಾ ಕಣ್ಣಾರೆ ನೋಡೀನ್ರಿ ಸಾಹೇಬ್ರ," ಎಂದಳು ಮಾರೆವ್ವ.

"ಅದು ಫೈಲಿಗೆ ಬರೂದಿಲ್ಲವ್ವ."

ಅಧಿಕಾರಿ ಕ್ವಾರಿಯ ಪರವಾನಗಿಗೆ ಸಹಿ ಹಾಕಿದರು. ಕ್ಯಾಮೆರಾ ವಾಪಸ್ ಕೊಡುವಾಗ ಮತ್ತೊಮ್ಮೆ ನೋಡಿದರು.

"ಗುಡ್ಡ ಭಾಳ ಛಲೋ ಬಂದೈತ್ರಿ. ಒಂದು ಕಾಪಿ ಕಳಸ್ರಿ, ಆಫೀಸಿನ ಕ್ಯಾಲೆಂಡರಿಗೆ ಹಾಕೋಣು."

ಮುಂದಿನ ವರ್ಷ ಕರಿಬಂಡೆ ಗುಡ್ಡ ಆ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತದೆ... ಅದೂ ಒಂದೇ ತಿಂಗಳು.