ನಾಲ್ಕನೆಯ ಅಂಗೈ

ಅಮೆರಿಕದ ವರ್ಮಾಂಟಿನ ನಮ್ಮ ಮನೆಯಲ್ಲಿ ಅಕ್ಟೋಬರ್ ಕೊನೆಯ ದೆವ್ವಗಳ ಹಬ್ಬ ಹ್ಯಾಲೋವೀನ್‌ಗೆ ಅಂಗಡಿಯ ಅಲಂಕಾರ ತಂದವರಲ್ಲ ನಾವು. ಅಂಗೈಗೆ ಬಿಳಿ ಬಣ್ಣ ಬಳಿದು ಕಪ್ಪು ಕಾಗದದ ಮೇಲೆ ಒತ್ತುತ್ತಿದ್ದೆವು. ತಲೆಕೆಳಗು ಮಾಡಿ ಎರಡು ಕಣ್ಣು ಬರೆದರೆ ದೆವ್ವ ಸಿದ್ಧ. ಹಿರಿಯ ಮಗಳು ಜೋಸಿ ನಾಲ್ಕು ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡ ಮೇಲೆ ಅದನ್ನೂ ಬಿಟ್ಟೆವು. ಐದು ವರ್ಷದ ನಂತರ, ಆರು ತುಂಬಿದ ಕಿರಿಯವಳು ಟಿಲ್ಡಾ ಅಂಗೈ ದೆವ್ವ ಮಾಡಲೇಬೇಕೆಂದು ಹಟ ಹಿಡಿದಳು.

ಆ ಮಧ್ಯಾಹ್ನ ನಾನು, ಗಂಡ ಕರ್ಟಿಸ್, ಟಿಲ್ಡಾ ಒಂದೊಂದು ಅಚ್ಚು ಒತ್ತಿದೆವು.

"ಅಪ್ಪಂದು ದೆವ್ವ ಅಲ್ಲ, ಆನೆ!" ಎಂದು ಟಿಲ್ಡಾ ನಕ್ಕಳು.

ಕಾಗದಗಳನ್ನು ಒಲೆಯ ಬಳಿ ಹರಡಿ ಕೈ ತೊಳೆಯಲು ಹೋದೆವು. ಬಂದು ನೋಡಿದರೆ ನಾಲ್ಕಿದ್ದವು.

"ಟಿಲ್ಡಾ, ನೀನು ಎರಡು ಮಾಡಿದ್ಯಾ?"

"ಇಲ್ಲಮ್ಮ. ನನ್ ಕೈ ಅಷ್ಟ್ ದೊಡ್ಡದಿದ್ಯಾ? ನೀನೇ ನೋಡು."

ಅದು ಅವಳ ಕೈಗಿಂತ ದೊಡ್ಡದು, ನನ್ನದಕ್ಕಿಂತ ಚಿಕ್ಕದು. ಕಿರುಬೆರಳು ಜೋಸಿಯದರಂತೆ ಒಳಕ್ಕೆ ಬಾಗಿತ್ತು. ಒಲೆಯ ಪಕ್ಕದಲ್ಲಿದ್ದರೂ ಆ ಕಾಗದವೊಂದೇ ತಣ್ಣಗಿತ್ತು.

ಐದು ವರ್ಷದಿಂದ ಅವಳ ಹೆಸರೆತ್ತದಿದ್ದ ಕರ್ಟಿಸ್ ಮೆಲ್ಲಗೆ ಕೇಳಿದ: "ಈಗಿದ್ದಿದ್ರೆ ಜೋಸಿ ಕೈ ಇಷ್ಟಾಗಿರ್ತಿತ್ತಾ?"

"ಹೂಂ" ಎಂದೆ. ನನಗೆ ಭಯವಾಗಲಿಲ್ಲ. ಅಚ್ಚಿನ ಮೇಲೆ ನನ್ನ ಅಂಗೈ ಇಟ್ಟೆ. ತೆಗೆಯಲು ಮನಸ್ಸೇ ಬರಲಿಲ್ಲ.

ನಾಲ್ಕನ್ನೂ ಕಿಟಕಿಗೆ ಅಂಟಿಸಿದೆವು. ಹಬ್ಬ ಮುಗಿದ ಮೇಲೆ ಉಳಿದವನ್ನು ಕಿತ್ತರೂ ಅದನ್ನು ಅಲ್ಲೇ ಬಿಟ್ಟೆವು. ಒಂದು ಬೆಳಗ್ಗೆ ಕರ್ಟಿಸ್ ಅದರ ಸುತ್ತ ಹಳದಿ ಸೀಮೆಸುಣ್ಣದಲ್ಲಿ ಬೆರಳಿಗೆ ತಾಗಿದಂತೆ ಗೆರೆ ಎಳೆದ.

ಈಗ ಮತ್ತೆ ಅಕ್ಟೋಬರ್ ಬಂದಿದೆ. ಅಚ್ಚಿನ ಬೆರಳ ತುದಿಗಳು ಆ ಗೆರೆಯನ್ನು ದಾಟಿವೆ.