ಸುಣ್ಣ ಹಚ್ಚಿದಾಗ ಎದ್ದ ಅಕ್ಷರ

"ಅಕ್ಕೋರ, ಗೋಡಿಗೆ ರಗತ ಬಂದೈತ್ರಿ! ನನ್ನ ಮಗನ ಕೈ ಕಟ್ಟಿ ಕೂಡಿಸ್ಯಾರ್ರಿ!"

ಮಾಶಾಬಿ ಬಾಗಿಲು ಹಿಡಿದು ಕುಸಿದಾಗ ಫಕೀರಪ್ಪನ ಕೈಯಲ್ಲಿದ್ದ ಚಹಾದ ಬಶಿ ನೆಲಕ್ಕೆ ಬಿದ್ದು ಚೂರಾಯಿತು. ಅವನು ದವಾಖಾನೆಯ ಕಂಪೌಂಡರ್. ದಿನಾ ರಕ್ತ ಒರೆಸುವ ಮನುಷ್ಯ. ಆದರೂ ಗೋಡೆಗೆ ರಕ್ತ ಬರುವುದೆಂದರೆ!

ಮನೆಯೊಡತಿ ಶಿವಬಸವ್ವ ಅಕ್ಕೋರು ಮಾತ್ರ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಹುಬ್ಬಳ್ಳಿಯ ಎಷ್ಟೋ ಕಗ್ಗಂಟುಗಳನ್ನು ಅವರು ಬಿಡಿಸಿದ್ದರು. ಮಹಡಿಯ ಬಾಡಿಗೆದಾರ ಫಕೀರಪ್ಪ ಆ ಎಲ್ಲದರಲ್ಲೂ ಅವರ ಬೆನ್ನಿಗಿದ್ದವನು. ಬೆನ್ನಿಗಿದ್ದು ತಪ್ಪು ಹೇಳುವುದೇ ಅವನ ಪಾಲಿನ ಕೆಲಸ ಎಂದು ಓಣಿಯವರು ನಗುತ್ತಿದ್ದರು.

"ಮೊದಲ ನೀರು ಕುಡಿ, ಮಾಶಾಬಿ. ಆಮ್ಯಾಲ ಹೇಳು."

ಅವಳು ಹೇಳಿದ್ದು ಇಷ್ಟು. ಅರವತ್ತೆರಡರ ಚುನಾವಣೆ ಮುಗಿದರೂ ದೇಶಪಾಂಡೆ ನಗರದ ಗೋಡೆಗಳ ಮೇಲಿನ ಘೋಷಣೆಗಳು ಅಳಿಸಿರಲಿಲ್ಲ. ಬರಹವಿದ್ದ ಓಣಿಯ ಮನೆಗಳೆಲ್ಲ ಸುಣ್ಣ ಕಾಣಬೇಕೆಂದು ಮುನಸಿಪಾಲ್ಟಿಯ ಆಜ್ಞೆಯಾಯಿತು. ಹತ್ತಿ ವ್ಯಾಪಾರಿ ನೀಲಪ್ಪನವರ ಹಳದಿ ಗೋಡೆಗೆ ಸುಣ್ಣ ಹಚ್ಚಲು ಅವಳ ಮಗ ಮೆಹಬೂಬ ಇಂದು ಬೆಳಿಗ್ಗೆ ಹೋಗಿದ್ದ. ಗದಗಿನಿಂದ ಬೀಗರು ಮಗಳ ನಿಶ್ಚಯಕ್ಕೆ ಬಂದು ಟಾಂಗಾ ಇಳಿಯುತ್ತಿದ್ದ ಹೊತ್ತಿಗೆ ಅವನ ಕುಂಚದಡಿಯಲ್ಲಿ ಕೆಂಪು ಅಕ್ಷರಗಳು ಎದ್ದವು. ಅಳಿಸಲೆಂದು ಇನ್ನೊಂದು ಕೈ ಹಚ್ಚಿದರೆ ಇನ್ನೂ ಕೆಂಪಾದವು! ಬೀಗರು ಬಂದ ಟಾಂಗಾದಲ್ಲೇ ತಮ್ಮ ಬಿಡಾರಕ್ಕೆ ತಿರುಗಿ ಹೋದರು. "ಇವನ ಬಾಲ್ದ್ಯಾಗ ಬಣ್ಣ ಕಲಿಸ್ಯಾನ, ಚುನಾವಣಿ ಗೋಡಿ ಬರದಾವ ಇವನ" ಎಂದು ನೀಲಪ್ಪನವರು ಮೆಹಬೂಬನನ್ನು ಹಿಡಿಸಿದರು. ಪೊಲೀಸರಿಗೆ ಹೇಳಿ ಕಳಿಸಿಯಾಗಿತ್ತು.

ಅಕ್ಕೋರು ಅಡಕೊತ್ತು ಕೆಳಗಿಟ್ಟು ಎದ್ದರು.

ನೀಲಪ್ಪನವರ ಮನೆಯ ಮುಂದೆ ಓಣಿಗೆ ಓಣಿಯೇ ಸೇರಿತ್ತು. ಬಾಗಿಲ ಮಗ್ಗುಲಿಗೆ, ಒದ್ದೆ ಸುಣ್ಣದ ನಡುವೆ, ಹಸಿ ಗಾಯದಂಥ ಕೆಂಪಿನಲ್ಲಿ ಮೂರೇ ಮಾತು: "ಈ ಮನಿಯ ಹೆಣ್ಣು". ಮುಂದೇನೂ ಇರಲಿಲ್ಲ. ಮುಂದಿನದನ್ನು ಜನರೇ ತುಂಬಿಸಿಕೊಳ್ಳುತ್ತಿದ್ದರು. ಏನೇನು ತುಂಬಿಸಿದರೋ, ಹೇಳಲು ನಾಲಿಗೆ ಬರುವುದಿಲ್ಲ! ಗಾಬರಿಯಲ್ಲಿ ಹಿಂದೆ ಸರಿದ ಫಕೀರಪ್ಪ ಹೊಸ್ತಿಲ ಬಳಿ ಇಟ್ಟಿದ್ದ ತಟ್ಟೆಗೆ ಕಾಲು ತಾಗಿಸಿದ. ಕಾಲ ಮೇಲೆ ಕೆಂಪು ಚೆಲ್ಲಿತು.

"ಅಯ್ಯಯ್ಯೋ, ರಗತ!"

"ಹುಚ್ಚಪ್ಪಾ, ಬೀಗರಿಗೆ ಎತ್ತಬೇಕಿದ್ದ ಆರತಿ ನೀರದು" ಎಂದು ಯಾರೋ ನಕ್ಕರು. ಅಕ್ಕೋರು ನಗಲಿಲ್ಲ. ತಟ್ಟೆಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು.

"ಗೋಡಿ ಮ್ಯಾಲಿಂದು ಗಾಯಕ್ಕ ಹಚ್ಚೋ ಕೆಂಪು ಔಷಧಾನ ಇರಬೇಕ್ರಿ" ಎಂದು ಫಕೀರಪ್ಪ ಪಿಸುಗುಟ್ಟಿದ.

"ಇರಲಿ. ಅಕ್ಷರ ಎಲ್ಲಿಗೆ ನಿಂತಾವು, ನೋಡು."

"ಸುಣ್ಣ ಎಲ್ಲಿಗೆ ನಿಂತೈತೋ ಅಲ್ಲಿಗ್ರಿ."

"ಅಷ್ಟ ನೆನಪಿಟ್ಕೊ."

ಹಗ್ಗದಲ್ಲಿ ಕೈ ಕಟ್ಟಿಸಿಕೊಂಡು ಮೆಹಬೂಬ ಕಟ್ಟೆಯ ಮೇಲೆ ಕೂತಿದ್ದ. ಮುನಸಿಪಾಲ್ಟಿಯ ಇನ್‌ಸ್ಪೆಕ್ಟರ್ ಗೋವಿಂದಪ್ಪ ಅವನ ಕಾವಲಿಗೆ ನಿಂತಿದ್ದರು. ನೀಲಪ್ಪನವರು ಸಿಟ್ಟಿನಿಂದ ಅತ್ತಿತ್ತ ಓಡಾಡುತ್ತಿದ್ದರು.

"ಹಿಂದಕ ಒಮ್ಮೆ ಯಾರೋ ಇದ್ದಿಲಿಲೆ ಗೀಚಿದ್ರು, ಅಕ್ಕೋರ. ಓದದನ ತೊಳಸಿದೆ. ಅವತ್ತಿಂದ ರಾಮಪ್ಪನ್ನ ಕಾವಲಿಗೆ ಹಾಕೇನಿ. ಹಗಲು ರಾತ್ರಿ ಅಲ್ಲೇ ಇರತಾನ."

"ಹೌದೇನು ರಾಮಪ್ಪಾ? ಯಾರೂ ಗೋಡಿ ಹತ್ರ ಬರಲಿಲ್ಲ?"

"ನಾಯಿ ಸೈತ ಬಂದಿಲ್ರಿ."

"ಮನಿಯವರು?"

ಕಾವಲುಗಾರ ಮುಖ ಗಂಟಿಕ್ಕಿದ. "ಅವ್ವಾರು ನಸುಕಿನ್ಯಾಗ ಹೊಸ್ತಿಲ ಪೂಜಿಗೆ ಬರತಾರ. ಅದನ್ನೂ ಕೇಳತೀರೇನ್ರಿ? ಅವರು ಕುಂತಾಗ ನಾವು ಮಕಾ ಆ ಕಡೆ ಮಾಡಿ ನಿಲ್ಲತೇವಿ. ಮರ್ಯಾದಿ ಅಲ್ಲೇನ್ರಿ?"

ಅಕ್ಕೋರು ಒಳಗಿಣುಕಿದರು. ಬಾಗಿಲ ಮರೆಯಲ್ಲಿ ನೀಲಪ್ಪನವರ ಹೆಂಡತಿ ಈರವ್ವ, ಅವರ ಸೆರಗು ಹಿಡಿದು ಮಗಳು ರೇಣವ್ವ. ಹುಡುಗಿಯ ಕಣ್ಣು ಬಾತಿದ್ದವು.

"ರೇಣವ್ವಾ, ಮ್ಯಾಟ್ರಿಕ್ ಕಟ್ಟಿದಿಯೇನ?"

ಉತ್ತರ ಕೊಟ್ಟದ್ದು ತಂದೆ. "ಸಾಲಿ ಬಿಡಿಸೇನ್ರಿ. ವರಗ ಎರಡನೇ ಸಂಬಂಧ ಆದ್ರೂ ದೊಡ್ಡ ಮನಿತನ ಸಿಕ್ಕೈತಿ. ಸಿಕ್ಕಿತ್ತು, ಈ ಹಲ್ಕಟ್ ಹಾಳ ಮಾಡಿದ."

ಅಕ್ಕೋರು ಎಲ್ಲರನ್ನೂ ಅಂಗಳಕ್ಕೆ ಕರೆದರು. ಮನೆಯಿಂದ ತಂದಿದ್ದ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ಹೊಸ ಗಡಿಗೆಯ ನೀರಿಗೆ ಕದಡಿ, ಒಂದು ಬಟ್ಟೆ ಅದ್ದಿ ಫಕೀರಪ್ಪನ ಕೈಗಿಟ್ಟರು.

"ಇದು ನನ್ನ ಸುಣ್ಣ, ಇವನ ಕೈ. ಮೆಹಬೂಬನ ಕುಂಚ ಇಲ್ಲ, ಬಾಲ್ದಿ ಇಲ್ಲ. ಹಚ್ಚು ಫಕೀರಪ್ಪಾ, ಅಲ್ಲಿಂದ ಮುಂದಕ."

ಫಕೀರಪ್ಪ ಖಾಲಿ ಹಳದಿ ಗೋಡೆಯ ಮೇಲೆ ಬಟ್ಟೆ ಎಳೆದ. ಅವನ ಕೈಯಡಿಯಲ್ಲೇ ಕೆಂಪು ಜಿನುಗಿ ಬಂತು! ಹೆಂಗಸರು ಚೀರಿದರು. ಗೋವಿಂದಪ್ಪ ಟೊಪ್ಪಿಗೆ ತೆಗೆದುಬಿಟ್ಟರು. ಅಕ್ಷರವೊಂದೊಂದಾಗಿ ಎದ್ದು ಮಾತು ಪೂರ್ತಿಯಾಯಿತು: "ಈ ಮನಿಯ ಹೆಣ್ಣು ಅಳಾಕತ್ತೈತಿ".

"ಭೂತ ಅಲ್ಲ, ರಗತ ಅಲ್ಲ" ಎಂದರು ಅಕ್ಕೋರು. "ಅರಿಶಿಣ. ಹಳದಿ ಗೋಡಿ ಮ್ಯಾಲೆ ಅರಿಶಿಣದಾಗ ಬರದ್ರ ಯಾರಿಗೂ ಕಾಣೂದಿಲ್ಲ. ಸುಣ್ಣ ತಾಗಿದ್ರ ಕೆಂಪಾಗತೈತಿ. ಆರತಿ ನೀರು ಮಾಡೋ ಹೆಣ್ಣುಮಕ್ಕಳಿಗೆಲ್ಲ ಗೊತ್ತಿದ್ದದ್ದ ಇದು. ಗಂಡಸರು ಆ ತಟ್ಟಿ ನೋಡತೀರಿ, ಮಾಡೂದು ನೋಡಂಗಿಲ್ಲ. ಹಂಗಾಗಿ ಫಕೀರಪ್ಪಗ ಔಷಧ ಕಾಣಿಸ್ತು, ನಿಮಗ ಮೆಹಬೂಬ ಕಾಣಿಸಿದ. ಅಕ್ಷರ ಸುಣ್ಣದ ಜೋಡಿ ನಿಂತಿತ್ತು, ಅಂದ್ರ ಬರದದ್ದು ಸುಣ್ಣಕ್ಕಿಂತ ಮೊದಲ. ಗೋಡಿ ಹತ್ರ ಅರಿಶಿಣ ಹಿಡಕೊಂಡು ಕುಂತ್ರೂ ಯಾರೂ ಸಂಶೇ ಪಡಲಾರದ ಒಂದ ಜೀವ ಐತಿ. ಕಾವಲುಗಾರನೂ ಆಕಿಗೆ ಬೆನ್ನು ಮಾಡತಾನ."

ಫಕೀರಪ್ಪನಿಗೆ ಆಗ ತಿಳಿಯಿತು. ಮನೆಯ ಗೃಹಿಣಿಯೇ? ತನ್ನ ಮನೆಯ ಮಾನವನ್ನು ತಾನೇ ಬೀದಿಗೆ ಹಾಕುವುದೇ?

ಈರವ್ವ ಹೊರಗೆ ಬಂದರು. ಮದುವೆಯಾಗಿ ಬಂದಂದಿನಿಂದ ಗಂಡಸರ ಮುಂದೆ ಅವರ ದನಿ ಕೇಳಿದವರಿಲ್ಲ.

"ನಾನ ಬರದೇನ್ರಿ. ಮೆಹಬೂಬನ ಕೈ ಬಿಚ್ರಿ. ಮದಲ ಇದ್ದಿಲಿಲೆ ಬರದ್ದೆ, ಓದದನ ತೊಳಸಿದ್ರು. ತೊಳದ್ರ ಹೋಗಲಾರದ್ದು, ಹಚ್ಚಿದ್ರ ಕಾಣೂವಂಥದ್ದು ಬರೀಬೇಕಾತು. ಸುಣ್ಣ ಹಚ್ಚೂ ದಿನಾನ ಬೀಗರೂ ಬರೂದು ಗೊತ್ತಿತ್ತು, ಅವರು ನೋಡಲಿ ಅಂತ ಮಾಡಿದೆ. ಈ ಪಾಪದ ಹುಡುಗನ ಮ್ಯಾಲೆ ಬರತೈತಿ ಅಂತ ತಿಳೀಲಿಲ್ಲ. ಮಾಶಾಬಿ, ನನಗ ಕ್ಷಮಾ ಮಾಡವಾ."

ಮಾಶಾಬಿ ಓಡಿ ಹೋಗಿ ಮಗನ ಹಗ್ಗ ಬಿಚ್ಚಿದಳು. ಗೋವಿಂದಪ್ಪ ತಲೆ ಕೆರೆದುಕೊಂಡರು. "ಈಗ ದಂಡ ಯಾರಿಗೆ ಹಾಕೂದ್ರಿ ಅಕ್ಕೋರ? ಗೋಡಿ ಬರಹಕ್ಕ ಮುನಸಿಪಾಲ್ಟಿ ಏನರ ಮಾಡಬೇಕಲ್ಲ?"

"ಲಗೂ ಅಳಸ್ರಿ. ತಡಾ ಮಾಡಿದ್ರ ಒಂದರ ಮ್ಯಾಲೆ ಹತ್ತು ಬೀಳತಾವು. ವಾಚನಾಲಯದ ಗೋಡಿಗೆ ಒಂದು ಕರೇ ಹಲಗಿ ಹಾಕಿ ಸೀಮಿಸುಣ್ಣ ಇಡ್ರಿ, ಬರೆಯೋರು ಬರೀಲಿ. ಆದ್ರ ಅಳಸೂಕಿಂತ ಮೊದಲ ಓದ್ರಿ. ಮುಂಜಾನಿಂದ ಯಾರು ಬರದ್ರು ಅಂತ ಎಲ್ಲಾರೂ ಕೇಳಾಕತ್ತೀರಿ. ಖರೇ ಏನು ಅಂತ ಒಬ್ಬರೂ ಕೇಳಲಿಲ್ಲ."

ಮೆಹಬೂಬ ಸುಮ್ಮನೆ ಕುಂಚ ಎತ್ತಿಕೊಂಡು ಬಾಲ್ದಿಗೆ ಅದ್ದಿದ. ನೀಲಪ್ಪನವರು ಅವನ ಮಣಿಕಟ್ಟು ಹಿಡಿದರು.

"ತಡೀಪಾ."

ಗೋಡೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಬಾಗಿಲ ಕಡೆ ತಿರುಗಿದರು.

"ರೇಣವ್ವಾ, ಖರೇ ಏನವಾ?"

ಹುಡುಗಿ ತಾಯಿಯ ಸೆರಗು ಬಿಟ್ಟು ಮುಂದೆ ಬಂದಳು. "ಹೌದಪ್ಪಾ" ಎಂದಳು.

"ರಾಮಪ್ಪಾ," ಎಂದರು ನೀಲಪ್ಪನವರು, "ಬೀಗರ ಬಿಡಾರಕ್ಕ ಹೋಗು. ನಿಶ್ಚಯ ಇಲ್ಲ ಅಂತ ಹೇಳಿ ಬಾ."