ಬೆನ್ನು ತಿರುಗಿಸಿ ಹೇಳಿದ ಮಾತು

ಮೂರು ವರ್ಷ ದಿನವೂ ನೋಡಿದ್ದ ಅವನನ್ನು ಅವಳು ಮೊದಲ ಸಲ ಕೇಳಿಸಿಕೊಂಡಿದ್ದು ಆ ಬೆಳಿಗ್ಗೆ.

"ಟ್ವೀಂ... ಟ್ವಿಟ್ಟಿಂ ಟ್ವೀಂ?" ಅಂತು ಅವನ ದನಿ.

'ಹೇಗಿದೀಯಾ? ನೋವಿದೆಯಾ?' ಅಂತಿದ್ದವು ತುಟಿಗಳು.

ಇದಾ ಇವನ ದನಿ? ನೆಗಡಿಯಾದ ಬಾತುಕೋಳಿ ತಗಡಿನ ಡಬ್ಬದಲ್ಲಿ ಕೂತ ಹಾಗಿದೆಯಲ್ಲ...

ಐದನೇ ವಯಸ್ಸಿನ ಜ್ವರ ಅವಳ ಕಿವಿ ಕಿತ್ತುಕೊಂಡಿತ್ತು. ಅಲ್ಲಿಂದ ಮೂವತ್ತರವರೆಗೆ ಎದುರಿನವರ ತುಟಿಯೇ ಅವಳ ಕಿವಿ. ಈಗ ಆಪರೇಷನ್ ಆಗಿ, ಕಿವಿಯ ಹಿಂದೊಂದು ಪುಟ್ಟ ಮಷಿನ್ ಕೂತಿತ್ತು. "ಮಿದುಳು ಈ ಸದ್ದನ್ನ ಕಲೀಬೇಕಮ್ಮ. ನಿಧಾನಕ್ಕೆ ಮಾತಾಗುತ್ತೆ," ಅಂದಿದ್ದರು ಆಸ್ಪತ್ರೆಯ ತರಬೇತಿ ಮೇಡಂ. ಮನೆಯಲ್ಲಿ ಅಮ್ಮ ಬಾಯಿಗೆ ತಟ್ಟೆ ಅಡ್ಡ ಹಿಡಿದು ಪಾಠ ಶುರು ಮಾಡಿದ್ದಳು.

ಇಬ್ಬರೂ ಕೆಲಸ ಮಾಡುವ ಫೋಟೋ ಫ್ರೇಮ್ ಅಂಗಡಿಯಲ್ಲಿ ಗಾಜು ಕತ್ತರಿಸುವುದು ಅವಳು, ಫ್ರೇಮ್ ಬಡಿಯುವುದು ಅವನು. ಸದಾ ಬಾಯಲ್ಲಿ ಮೊಳೆ ಕಚ್ಚಿರುತ್ತಿದ್ದವನಿಗೆ ಅವಳಿಟ್ಟ ಹೆಸರು ಮೊಳೆರಾಯ. ಅವಳು ತುಟಿ ಓದುತ್ತಾಳೆಂದು ಗೊತ್ತಾದ ದಿನವೇ ಮೊಳೆಗಳು ಜೇಬಿಗೆ ಇಳಿದಿದ್ದವು. ಅವಳು ಅವನಿಗೆ ಸೋತಿದ್ದೂ ಅವತ್ತೇ.

ಅಂಥವನು, ಅವಳು ಮಷಿನ್ ಹಾಕಿಕೊಂಡು ಬಂದ ಮಾರನೇ ದಿನ, ಅವಳಿಗೆ ಬೆನ್ನು ಹಾಕಿ ಕೂತ.

ಇಡೀ ದಿನ!

ಕೊನೆಗೆ ಮಾರಾಟಕ್ಕಿಟ್ಟ ಕನ್ನಡಿಗಳನ್ನೂ ಒಂದೊಂದಾಗಿ ಗೋಡೆಗೆ ಮುಖ ಮಾಡಿಸಿದ.

ಕನ್ನಡಿಯಲ್ಲೂ ನನ್ನ ಮುಖ ಬೇಡವಾಯ್ತಾ? ತಲೆಗೆ ಅಂಟಿರೋ ಈ ಮಷಿನ್ ನೋಡಿ ಅಸಹ್ಯವಾ?

ವಾರಗಳು ಕಳೆದವು. ಗಾಜು ಕತ್ತರಿಸುವಾಗ ಅದು ಚೀರುತ್ತದೆಂದು ಅವಳಿಗೆ ಗೊತ್ತಾಯಿತು. ತಟ್ಟೆಯ ಹಿಂದಿನ ಅಮ್ಮನ ಟ್ವೀಂಟ್ವೀಂ ಪದಗಳಾಗತೊಡಗಿತು. ಅವನ ಬೆನ್ನು ಮಾತ್ರ ಬೆನ್ನಾಗಿಯೇ ಉಳಿಯಿತು. ಅತ್ತಲಿಂದ ಬರುತ್ತಿದ್ದ ಟ್ವೀಂಟ್ವೀಂ ಗಿರಾಕಿಗಳಿಗೆಂದುಕೊಂಡು ಅವಳು ಕಿವಿಗೊಡಲಿಲ್ಲ.

ಒಂದು ಬೆಳಿಗ್ಗೆ ಅವಳು ಮಷಿನ್ ಕಿತ್ತು ಡಬ್ಬಿಗೆ ಹಾಕಿದಳು. "ನಂಗಿದು ಬೇಡಮ್ಮ. ಇದು ಬಂದ ಮೇಲೆ ಇದ್ದದ್ದೂ ಹೋಯ್ತು."

ಅಮ್ಮ ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿದಳು, "ಡಬ್ಬಿಗೆ ಕಿವಿ ಬರಿಸೋಕಾ ಇಷ್ಟು ಒದ್ದಾಡಿದ್ದು? ಹಾಕ್ಕೊ. ಜಗಳ ಆಡೋದಿದ್ರೆ ಕೇಳಿಸ್ಕೊಂಡು ಆಡು."

ಹಾಕಿಕೊಂಡೇ ಹೋದಳು. ಅವನ ಭುಜ ಹಿಡಿದು ತಿರುಗಿಸಿದಳು.

"ನನ್ನ ಮುಖ ನೋಡೋಕಾಗಲ್ಲ ಅಂದ್ರೆ ಹೇಳಿಬಿಡು. ನಾಳೆಯಿಂದ ಬರಲ್ಲ."

ಅವನು ಕಕ್ಕಾಬಿಕ್ಕಿಯಾದ. "ಅಭ್ಯಾಸಕ್ಕಲ್ವೇನೇ? ಬಾಯಿ ಕಾಣದ ಹಾಗೆ ಮಾತಾಡು ಅಂತ ನಿಮ್ಮಮ್ಮನೇ ಅಂದ್ರು. ಕನ್ನಡಿಯಲ್ಲಿ ತುಟಿ ಓದಿಬಿಡ್ತೀಯ ಅಂತ ಅವನ್ನೂ ತಿರುಗಿಸಿದೆ. ಮೊದಲ ದಿನವೇ ನಿಂಗೆಲ್ಲ ಹೇಳಿದ್ದೆನಲ್ಲ."

"ಹೇಳಿದ್ಯಾ? ಹೇಗೆ?"

"ಹೀಗೇ... ಬೆನ್ನು ತಿರುಗಿಸಿ..."

ಹೇಳುತ್ತ ಹೇಳುತ್ತ ಅವನಿಗೇ ಅರ್ಥವಾಗಿ, ಕಿವಿ ಕೆಂಪಾಯಿತು. ಅವಳಿಗೆ ನಗು, ಅಳು ಒಟ್ಟಿಗೇ ನುಗ್ಗಿ ಬಂದವು. ಪೆದ್ದ... ಎಂಥ ಪೆದ್ದನಿಗೆ ಸೋತೆ ನಾನು...

"ದಿನಾ ಏನು ಹೇಳ್ತಿದ್ದೆ?"

"ಏನೇನೋ. ಕೊನೇಲಿ ಮಾತ್ರ ಒಂದೇ ಮಾತು. ಎದುರು ನಿಂತು ಹೇಳೋ ಧೈರ್ಯ ಇಲ್ಲ."

"ಹಾಗಾದ್ರೆ ತಿರುಗು. ಹೇಳು."

ಅವನು ಗೋಡೆಯ ಕಡೆ ತಿರುಗಿದ. ಅವಳು ಕಣ್ಣು ಮುಚ್ಚಿಕೊಂಡಳು. ಬೀದಿಯ ಗದ್ದಲ ಒಂದು ಕಡೆ, ತನ್ನದೇ ಉಸಿರು ಇನ್ನೊಂದು ಕಡೆ. ನಡುವೆ ಅವನ ದನಿ ಎದ್ದು ಬಂತು. ಬಾತುಕೋಳಿ ಹಾರಿಹೋಗಿತ್ತು. ತುಸು ನಡುಗುವ, ಗಂಡಸಿನ ದನಿ.

ಅವಳು ನಿಧಾನವಾಗಿ ಕಣ್ಣು ತೆರೆದಳು.

ಕೇಳಿಸಲಿಲ್ಲವೆಂದುಕೊಂಡು ಅವನ ಭುಜ ಕುಸಿಯಿತು.

"ಭಾನುವಾರ ಅಮ್ಮ ಮನೇಲಿರಲ್ಲ," ಅಂದಳು ಅವಳು. "ಮದುವೆ ಮಾತಾಡೋಕೆ ಶನಿವಾರ ಬಾ. ನಿಮ್ಮಕ್ಕನ್ನೂ ಕರ್ಕೊಂಡು ಬಾ, ಬರೀ ಭಾವನನ್ನಲ್ಲ."

ಅವನು ಗಿರ್ರನೆ ತಿರುಗಿದ. ಭಾನುವಾರ, ಮದುವೆ, ಭಾವ... ತಾನು ಹೇಳಿದ್ದರಲ್ಲಿ ಒಂದು ಪದವೂ ಅವಳಿಗೆ ತಪ್ಪಿರಲಿಲ್ಲ. ತುಟಿ ನೋಡದೆ, ಕೈ ಸನ್ನೆ ಇಲ್ಲದೆ, ಬರೀ ಕಿವಿಯಿಂದ!

ಅವಳು ಗೆದ್ದಿದ್ದಳು. ಕೆನ್ನೆಯೆಲ್ಲ ಒದ್ದೆ, ಮುಖದ ತುಂಬ ನಗು.

"ಇನ್ನೊಂದ್ಸಲ ಹೇಳು," ಅಂದಳು.

"ಯಾಕೆ, ಸರಿಯಾಗಿ ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ."